ನೋಲೀನ್‌ಳ ಕಿಟಕಿಕಟ್ಟೆ

ಪಕ್ಕದ ಬಾಡಿಗೆಮನೆಯ ನೋಲೀನ್‌ಳ ಪೂಜಾಪೀಠವನ್ನು ನಮ್ಮ ಬಲ್ಲಾರಟ್‌ನಲ್ಲಿ ನೋಡದವರಿಲ್ಲ, ಗುರುತಿಸಿದವರೂ ಇಲ್ಲ. ಚರ್ಚು ಬಿಟ್ಟು ನೆಲ, ನೀರು, ಗಾಳಿ, ಬೆಂಕಿಯನ್ನು ಪೂಜಿಸುವ ಈ ಎಪ್ಪತ್ತರ ಹೆಂಗಸಿಗೆ ಅಡುಗೆಮನೆಯ ಕಿಟಕಿಕಟ್ಟೆಯೇ ಗುಡಿ. ಯಾರಾದರೂ ಕೇಳಿದರೆ ಉಪ್ಪಿನ ಬಟ್ಟಲು ಸೂಪಿಗೆ, ನೀರಿನ ಲೋಟ ಗುಳಿಗೆ ನುಂಗಲಿಕ್ಕೆ, ಕಾಕಟೂ ಹಕ್ಕಿಯ ಗರಿ ಜೇಡರ ಬಲೆ ತೆಗೆಯಲಿಕ್ಕೆ, ಮೇಣದಬತ್ತಿ ಕರೆಂಟು ಹೋದಾಗಿನ ಬೆಳಕಿಗೆ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ಮೂರು ತಿಂಗಳಿಗೊಮ್ಮೆ ಮನೆ ತಪಾಸಣೆಗೆ ಬರುವ ಏಜೆಂಟ್ ಕ್ರೇಗ್, ಪರದೆಗೆ ಬೆಂಕಿ ತಗುಲೀತೆಂದು ಆ ಬತ್ತಿಯನ್ನು ಉತ್ತರದ ಕಿಟಕಿಯಿಂದ ದಕ್ಷಿಣದ ಗೋಡೆಗೆ ಸರಿಸಿದರೆ ಮಾತ್ರ ಅವಳ ದನಿ ಏರುತ್ತದೆ: "ಎಲ್ಲಿತ್ತೋ ಅಲ್ಲೇ ಇಡಯ್ಯಾ!" ಬಿಸಿಲು ಬರುವ ದಕ್ಷಿಣಕ್ಕೇ ಬೆಂಕಿ ಇಡಬೇಕೆನ್ನುವ ಇಂಗ್ಲೆಂಡಿನ ಪುಸ್ತಕ ನಂಬಿ ಹತ್ತು ವರ್ಷ ಹಾಗೇ ಇಟ್ಟು, ಭೂಮಿಯ ದಕ್ಷಿಣಾರ್ಧದಲ್ಲಿರುವ ನಮ್ಮೂರಿಗೆ ಬಿಸಿಲು ಬರುವುದು ಉತ್ತರದಿಂದ ಎಂದು ಒಂದು ದಿನ ಹೊಳೆದು ಹಣೆ ಚಚ್ಚಿಕೊಂಡವಳು ಅವಳು. ಮೇಜಿನ ಮೇಲೆ, ಟೀ ಆರದಿರಲೆಂದು ಪಾತ್ರೆಗೆ ಹೊದಿಸುವ ಉಣ್ಣೆಟೋಪಿಯನ್ನು ಕಂಡು ಕ್ರೇಗ್ ಪ್ರತಿಸಲವೂ "ಟೀ ಇದೆಯಾ?" ಎನ್ನುತ್ತಾನೆ. "ಆರಿಹೋಗಿದೆ" ಎನ್ನುತ್ತಾಳೆ. ಟೋಪಿಯೊಳಗಿರುವುದು ಮಣ್ಣಿನ ದೇವಿ, ಕುತ್ತಿಗೆಯ ಸುತ್ತ ಅಂಟಿನ ಗೆರೆ. ಇಂಥ ಪೂಜೆ ಸಹಿಸದೆ, ಇವಳು ಮೊದಲಿದ್ದ ಮನೆಯ ಮಾಲೀಕ ಅದನ್ನು ಮುರಿದು ಕಸದ ಡಬ್ಬಿಗೆಸೆದು, ಇವಳನ್ನೂ ಮನೆ ಬಿಡಿಸಿದ್ದ. "ಅದಕ್ಕೇ ಹೆದರಿ ಮುಚ್ಚಿಡ್ತೀಯಾ?" ಎಂದು ಒಮ್ಮೆ ಕೇಳಿಬಿಟ್ಟೆ. "ಹೆದರೋಳಾಗಿದ್ರೆ ಅವನ ಕಣ್ಣೆದುರಿಗೇ ಡಬ್ಬಿಗೆ ಕೈ ಹಾಕಿ ಇವಳನ್ನ ಎತ್ಕೊಂಡು ಬರ್ತಿದ್ನೇನೆ?" ಎಂದವಳು ಟೋಪಿ ತೆಗೆದು, ಮೊದಲ ಲೋಟ ಬಿಸಿ ಟೀಯನ್ನು ದೇವಿಯ ಮುಂದಿಟ್ಟಳು.