ಜೇಬಿನ ಪುಸ್ತಕದಲ್ಲಿ ನಮ್ಮಜ್ಜಿಯ ಮಾತು

ತೊಂಬತ್ತರ ದಶಕ ಮುಗಿಯಲು ಇನ್ನೂ ಎರಡು ಮೂರು ವರ್ಷವಿತ್ತು. ಶ್ರೀರಂಗಪಟ್ಟಣದಲ್ಲಿ ಎಕ್ಸರೇ ಕೆಲಸ ಕಲಿಸುವ ಸಣ್ಣ ಶಾಲೆಯೊಂದರ ಡಾಕ್ಟರಮ್ಮ ನನ್ನನ್ನು ಕರೆಸಿ ಮೇಜಿನ ಮೇಲೆ ಮೂರು ಪುಸ್ತಕ ಇಟ್ಟರು.

"ಹುಡುಗರು ಕೋಟಿನ ಜೇಬಲ್ಲಿ ಇಟ್ಕೊಂಡು ಓಡಾಡೋ ಹಾಗಿರಬೇಕು. ರೋಗಿ ಮುಂದೆ ನಿಂತಾಗ ತೆಗೆದು ನೋಡಿದರೆ ಬೇಕಾದ್ದು ಸಿಗಬೇಕು. ಇಷ್ಟು ವರ್ಷ ಕೆಲಸ ಮಾಡಿದೋರು ನೀವು, ಒಂದು ಆರಿಸಿಕೊಡಿ."

ನನ್ನನ್ನು ಯಾರಾದರೂ ಹೀಗೆ ಕೇಳಿದರೆ ಮುಗಿಯಿತು, ಆ ದಿನವೆಲ್ಲ ನನಗೆ ಹಬ್ಬ. ಮೊದಲನೆಯದು ಇಂಗ್ಲಿಷಿನದು. ಚಿತ್ರಗಳು ಚೆನ್ನಾಗಿದ್ದವು, ಆದರೆ ಜೇಬಿಗೆ ಹಾಕಿದರೆ ಕೋಟು ಒಂದು ಕಡೆಗೆ ಜೋತುಬೀಳುತ್ತಿತ್ತು. ಎರಡನೆಯದು ತೆಳ್ಳಗಿತ್ತು. ಅದರಲ್ಲಿದ್ದುದೆಲ್ಲ ಹೊಸ ಮಿಷನ್ನುಗಳ ಮಾತು. ನಮ್ಮ ಕಡೆಯ ಆಸ್ಪತ್ರೆಗಳ ತಿರುಗಿಸುವ ಗುಂಡಿಯ ಮಿಷನ್ನು ಅದಕ್ಕೆ ಗೊತ್ತೇ ಇರಲಿಲ್ಲ. ಮೂರನೆಯದಕ್ಕೆ ಕಂದು ಕಾಗದದ ಹೊದಿಕೆ ಹಾಕಿದ್ದರು. ಅಂಗೈಯಷ್ಟು ಪುಸ್ತಕ, ಕನ್ನಡದ್ದು. ಎದೆಯ ಎಕ್ಸರೇ ಇದ್ದ ಪುಟ ತೆಗೆದೆ.

"ಉಸಿರು ಹಿಡಿಯಿರಿ ಎಂದರೆ ವಯಸ್ಸಾದವರು ಗಾಬರಿಯಾಗುತ್ತಾರೆ. ನಾಲೇಲಿ ಮುಳುಗೋವಾಗ ಬಾಯಿ ಮುಚ್ಕೊತೀಯಲ್ಲ, ಅಂಗಿರವ್ವ ಎನ್ನಬೇಕು."

ಅದು ನಮ್ಮಜ್ಜಿಯ ಮಾತು. ನಾನು ನಾಗಮಂಗಲದ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪಾಂಡವಪುರದ ಪಕ್ಕದ ನಮ್ಮೂರಿಗೆ ಹೋಗಿದ್ದಾಗ, "ಉಸಿರು ಹಿಡೀರಿ ಅಂದ್ರೆ ಯಾರೂ ಹಿಡಿಯಲ್ಲ, ಫಿಲಂ ಅಲ್ಲಾಡ್ಬುಡ್ತದೆ" ಎಂದು ಗೋಳು ಹೇಳಿಕೊಂಡಿದ್ದೆ. ರಾಗಿ ಕೇರುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟು, "ಉಸ್ರು ಇಡ್ಕೊಳಕ್ಕೆ ಅದೇನು ಎಮ್ಮೆ ಅಗ್ಗವೇನ್ಲಾ? ನಾಲೇಲಿ ಮುಳುಗೋವಾಗ ಬಾಯಿ ಮುಚ್ಕೊತೀಯಲ್ಲ, ಅಂಗಿರವ್ವ ಅನ್ನು" ಎಂದಿದ್ದರು. ಮಾರನೆಯ ವಾರ ಹಾಗೇ ಅಂದೆ. ಫಿಲಂ ಕನ್ನಡಿಯಂತೆ ಬಂತು. ಆಮೇಲೆ ಇಂಥವನ್ನೆಲ್ಲ ಒಂದು ನೀಲಿ ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದೆ. ಕೈಗೆಷ್ಟು, ಎದೆಗೆಷ್ಟು, ಸೊಂಟಕ್ಕೆಷ್ಟು ಕೆವಿ, ಅಂದರೆ ಎಕ್ಸರೇ ಕಿರಣದ ಜೋರು, ಇಡಬೇಕು ಎಂಬ ಅಂಕಿಗಳನ್ನೂ ಬರೆದೆ.

ಆ ನೋಟ್‌ಬುಕ್ ಎಲ್ಲಿ ಹೋಯಿತೆಂದು ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ನನ್ನ ಜೊತೆ ಅದೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಸಂತೆಬಾಚಹಳ್ಳಿಯ ಗೆಳೆಯ ಎರಡು ದಿನಕ್ಕೆಂದು ಇಸ್ಕೊಂಡಿದ್ದ. "ಬಸ್ಸಲ್ಲೇ ಬುಟ್ಬುಟ್ಟೆ ಕಣ್ಲಾ" ಎಂದು ತಲೆ ಚಚ್ಚಿಕೊಂಡಿದ್ದ. ಅವನ ಮುಖ ನೋಡಲಾರದೆ ನಾನೇ, "ಹೋಗ್ಲಿ ಬುಡ್ಲಾ, ಇನ್ನೊಂದು ಬರ್ಕೊಂಡ್ರಾಯ್ತು" ಎಂದು ಸಮಾಧಾನ ಮಾಡಿ ದೋಸೆ ಕೊಡಿಸಿದ್ದೆ. ಇನ್ನೊಂದನ್ನು ಬರೆಯಲೇ ಇಲ್ಲ.

ಕೈಯಲ್ಲಿದ್ದ ಪುಸ್ತಕದ ಮೊದಲ ಪುಟಕ್ಕೆ ತಿರುಗಿಸಿದೆ. ಲೇಖಕರೆಂದು ಅವನ ಹೆಸರಿತ್ತು.

"ಹೇಗಿದೆ?" ಎಂದರು ಡಾಕ್ಟರಮ್ಮ. ಒಂದು ವಾರ ಬಿಟ್ಟು ಹೇಳುತ್ತೇನೆ ಎಂದು ಪುಸ್ತಕ ತಂದೆ. ಆಗ ಅವನು ಕೆ.ಆರ್. ಪೇಟೆಗೆ ವರ್ಗವಾಗಿದ್ದ. ಅಲ್ಲಿಗೇ ಹೋಗಿ, ಬಸ್ ಸ್ಟ್ಯಾಂಡಿನ ಹೋಟೆಲಿಗೆ ಕರೆದು ಪುಸ್ತಕವನ್ನು ಮುಂದಿಟ್ಟೆ. ಅವನು ಬೆಚ್ಚಿಬೀಳುತ್ತಾನೆ ಎಂದುಕೊಂಡಿದ್ದೆ. ನಕ್ಕ.

"ನಿಂಗೂ ಸಿಕ್ತೇನ್ಲಾ? ಭೇಷ್."

"ಇದು ನನ್ ನೋಟ್‌ಬುಕ್ಕು ಕಣ್ಲಾ."

"ಇದ್ರಾಗೆ ನಿಂದೇನೈತ್ಲಾ? ಮಿಷನ್ನು ಆಸ್ಪತ್ರೇದು, ಕರೆಂಟು ಬೋರ್ಡಿಂದು, ಮೂಳೆ ರೋಗಿದು. ಇಂಕು ಒಂದು ನಿಂದು."

"ನಮ್ಮಜ್ಜಿ ಮಾತು?"

"ಅಜ್ಜೀರ ಮಾತು ಊರಿಗೆಲ್ಲಾ ಸೇರಿದ್ದು ಕಣ್ಲಾ. ಟೀ ಆರೋಯ್ತದೆ, ಕುಡಿ."

ಅವನ ಹೆಂಡತಿ ನನ್ನನ್ನು ಅಣ್ಣ ಅನ್ನುತ್ತಿದ್ದಳು. ಅದನ್ನು ನೆನೆದು ಸಿಟ್ಟು ನುಂಗಿಕೊಂಡೆ. ಆದರೆ ಒಂದು ಮಾತು ಕೇಳಲೇಬೇಕಿತ್ತು.

"ಪಂಪ್‌ಸೆಟ್ ಹೊತ್ತಿನ ಅಂಕಿಯ ಯಾಕ್ಲಾ ಅಂಗೇ ಅಚ್ಚು ಆಕ್ಸಿದ್ದೀಯ?"

"ಅದ್ಯಾವ ಪಂಪ್‌ಸೆಟ್ಟು?"

ನಾಗಮಂಗಲದಲ್ಲಿ ಬೆಳಿಗ್ಗೆ ತೋಟಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವಾಗ ನಮ್ಮ ಕೋಣೆಯ ಕರೆಂಟು ಸೊರಗಿ ಫಿಲಂ ಬಿಳಿಚಿಕೊಳ್ಳುತ್ತಿತ್ತು. ಅದಕ್ಕೇ ನಾನು ಎಲ್ಲದಕ್ಕೂ ಐದೈದು ಕೆವಿ ಹೆಚ್ಚಿಗೆ ಬರೆದಿದ್ದೆ. ಕರೆಂಟು ಸರಿಯಿರುವ ಊರಲ್ಲಿ ಅದೇ ಅಂಕಿ ಇಟ್ಟರೆ ಫಿಲಂ ಕಪ್ಪಾಗುತ್ತದೆ, ರೋಗಿ ಇನ್ನೊಂದು ಸಲ ಎಕ್ಸರೇಗೆ ಮೈಯೊಡ್ಡಬೇಕು. ನನ್ನ ಪಕ್ಕದಲ್ಲೇ ನಿಂತು ಇಷ್ಟು ವರ್ಷ ಕೆಲಸ ಮಾಡಿದವನಿಗೆ ಇದು ಗೊತ್ತಿರಲಿಲ್ಲ. ಕದ್ದನೆಂಬುದಕ್ಕಿಂತ, ಓದದೆಯೇ ಕದ್ದನೆಂಬುದು ನನಗೆ ಹೆಚ್ಚು ನೋವು ತಂದಿತು.

ವಾರ ಕಳೆದು ಶ್ರೀರಂಗಪಟ್ಟಣಕ್ಕೆ ಹೋದೆ. ಇಂಗ್ಲಿಷಿನದನ್ನು ಆರಿಸಿದ್ದರೆ ಅವನ ಪುಸ್ತಕ ಅಲ್ಲಿಗೆ ನಿಲ್ಲುತ್ತಿತ್ತು. ಬಸ್ಸಿನಲ್ಲಿ ಅದೇ ಯೋಚನೆ ಮಾಡಿಕೊಂಡೇ ಬಂದಿದ್ದೆ. ಶಾಲೆಯ ಎಕ್ಸರೇ ಕೋಣೆಯ ಹೊರಗೆ ಬೆಂಚಿನ ಮೇಲೆ ಒಬ್ಬ ಮುದುಕಿ ಎದೆ ಹಿಡಿದುಕೊಂಡು ಕೂತಿದ್ದಳು. ಕಲಿಯುವ ಹುಡುಗಿಯೊಬ್ಬಳು, "ಅಜ್ಜಿ, ಉಸಿರು ಹಿಡಿಯೋದು ಅಂದ್ರೆ..." ಎಂದು ತೊದಲುತ್ತಿದ್ದಳು.

ಮೂರನೆಯದನ್ನೇ ಆರಿಸಿದೆ. "ಇದರ ಅಂಕಿಗಳು ವೋಲ್ಟೇಜ್ ಕಡಿಮೆಯಿರುವ ಹೊತ್ತಿಗೆ. ಕರೆಂಟು ಸರಿಯಿದ್ದರೆ ಐದು ಕಳೆಯಿರಿ" ಎಂದು ಚೀಟಿ ಬರೆದು ಎಲ್ಲ ಪ್ರತಿಗೂ ಅಂಟಿಸಲು ಹೇಳಿದೆ. ಯಾರ ಪುಸ್ತಕವೆಂದು ಬಾಯಿ ಬಿಡಲಿಲ್ಲ.

ಮರುವರ್ಷ ಡಾಕ್ಟರಮ್ಮ ಹೊಸ ಮುದ್ರಣ ತೋರಿಸಿದರು. ನನ್ನ ಚೀಟಿ ಒಂದಕ್ಷರವೂ ಬದಲಾಗದೆ ಒಂದು ಚೌಕದೊಳಗೆ ಅಚ್ಚಾಗಿತ್ತು. ಮೇಲೆ, "ಲೇಖಕರ ಸೂಚನೆ."

"ತಪ್ಪು ತಿದ್ದಿಕೊಳ್ಳೋ ಲೇಖಕರು ಈ ಕಾಲದಲ್ಲಿ ಎಲ್ಲಿದ್ದಾರೆ ಹೇಳಿ," ಎಂದರು ಅವರು.

ನಾನು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ.