ಸೊಟ್ಟ ಬೈತಲೆ

ಮೊನ್ನೆ ಮಂಡಈ ಮಾರುಕಟ್ಟೆಯ ಹತ್ತಿರ ಒಂದು ಕಟ್ಟಿಗೆಯ ಹಣಿಗೆ ಕೊಂಡೆ. ಗಟ್ಟಿ ಇದೆಯೋ ಇಲ್ಲವೋ ನೋಡಲು ಅದರ ಹಲ್ಲುಗಳ ಮೇಲೆ ಹೆಬ್ಬೆರಳು ಎಳೆದೆ. ಕರ್‌ರ್... ಎಂದಿತು. ಅಷ್ಟಕ್ಕೇ, ಅಂಗಡಿಯ ಮುಂದೆ ನಿಂತಲ್ಲೇ, ಕುತ್ತಿಗೆಯಿಂದ ಬೆನ್ನಿನವರೆಗೆ ಜುಮ್ಮೆಂದಿತು. ಎದುರುಮನೆಯ ಕಾಕು ನೆನಪಾದರು.

ನಾನು ಚಿಕ್ಕವಳಿದ್ದಾಗ ನಾವು ಕೋಥರೂಡದಲ್ಲಿದ್ದೆವು. ಅವ್ವನಿಗೆ ಚಾಕಣದ ಕಾರ್ಖಾನೆಯಲ್ಲಿ ಕೆಲಸ. ಕಂಪನಿ ಬಸ್ಸು ಬೇಗ ಬರುತ್ತಿತ್ತು. ನನ್ನ ಉದ್ದ ಕೂದಲಿಗೆ ಹೆರಳು ಹಾಕಲು ಪುರಸೊತ್ತಿಲ್ಲವೆಂದು ಅದನ್ನು ಕತ್ತರಿಸಿಯೇ ಬಿಡಲು ಹೊರಟಳು. ನಾನು ರಂಪ ಮಾಡಿದೆ. ಗದ್ದಲ ಕೇಳಿ ಬಂದ ಕಾಕು ಬಾಗಿಲಲ್ಲೇ ನಿಂತು, "ಕೂಸಿನ ಕೂದ್ಲಾ ಕತ್ತರಸಬ್ಯಾಡ್ರಿ. ಮುಂಜಾನಿ ನನ್ನ ಕಡೆ ಕಳಸ್ರಿ, ಹೆರಳ ನಾ ಹಾಕ್ತೀನಿ," ಎಂದರು. ಕಾಕು ವಿಜಯಪುರದ ಕಡೆಯವರು. ಒಮ್ಮೆ ಹೇಳಿದರೆ ಮುಗಿಯಿತು.

ಮರುದಿನದಿಂದ ನನಗೆ ಸುಗ್ಗಿಯೋ ಸುಗ್ಗಿ. ಕಾಕು ಮೊದಲು ಹಣಿಗೆಯನ್ನು ಕರ್‌ರ್ ಎನ್ನಿಸುವರು. ಆಮೇಲೆ ಅದರ ತುದಿ ಹಣೆಯಿಂದ ನೆತ್ತಿಗೆ, ನೆತ್ತಿಯಿಂದ ಹಿಂದಕ್ಕೆ ಮೆಲ್ಲಗೆ ಗೆರೆ ಎಳೆಯುತ್ತ ಹೋಗುತ್ತಿತ್ತು. ಮೈಯೆಲ್ಲ ಜುಮ್ಮೆಂದು ಕಣ್ಣು ತಾವಾಗಿ ಮುಚ್ಚುತ್ತಿದ್ದವು. ಬೈತಲೆ ಮುಗಿಯಿತು ಎನ್ನುವಷ್ಟರಲ್ಲಿ ನಾನು ಬೇಕಂತಲೇ ತಲೆ ಅಲ್ಲಾಡಿಸುತ್ತಿದ್ದೆ. ಗೆರೆ ಸೊಟ್ಟಗಾಗುತ್ತಿತ್ತು. ಅವರು ಗೊಣಗುತ್ತ ಅಳಿಸಿ, ಮತ್ತೆ ಹಣೆಯಿಂದ ಶುರು ಮಾಡುತ್ತಿದ್ದರು. ಎಂಥ ಜಾಣೆ ನಾನು ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಒಂದು ದಿನ ನಾನು ತಡವಾಗಿ ಎದ್ದೆ. ಕಾಕು ಹಣಿಗೆ ಎತ್ತುವ ಮೊದಲೇ, "ಇವತ್ತ ತಲಿ ಅಲ್ಲಾಡಸಬ್ಯಾಡವಾ, ಸಾಲಿಗೆ ಹೊತ್ತಾಗೇದ," ಎಂದರು. ಅಂದರೆ ಅವರಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು.

ಮುಂದೆ ಅವರು ಮಗನ ಸಂಸಾರದೊಂದಿಗೆ ತಳೇಗಾಂವಕ್ಕೆ ಹೋದರು. ಕಳೆದ ವರ್ಷ ನೋಡಲು ಹೋದಾಗ ಕಾಯಿಲೆಯಿಂದ ಸೊರಗಿದ್ದರು, ಕೈ ನಡುಗುತ್ತಿದ್ದವು. ದಿಂಬಿನ ಪಕ್ಕದ ಹಣಿಗೆ ತೆಗೆದುಕೊಂಡು ನಾನೇ ಕರ್‌ರ್ ಎನ್ನಿಸಿದೆ. ಕಾಕು ಕಣ್ಣು ಮುಚ್ಚಿದರು. ಆ ತೆಳು ಬಿಳಿಗೂದಲಿನಲ್ಲಿ ಬೈತಲೆ ತೆಗೆಯುತ್ತ ನೆತ್ತಿ ದಾಟಿದ್ದೆ, ಅವರು ಮೆಲ್ಲಗೆ ತಲೆ ಅಲ್ಲಾಡಿಸಿಬಿಟ್ಟರು.

"ಸೊಟ್ಟ ಆತ ನೋಡವಾ. ಮತ್ತ ತಗಿ."

ಮತ್ತೆ ತೆಗೆದೆ. ಮತ್ತೆ ಸೊಟ್ಟ ಮಾಡಿದರು. ಅವತ್ತು ನಮ್ಮಿಬ್ಬರಿಗೂ ಎಲ್ಲಿಗೂ ಹೊತ್ತಾಗಿರಲಿಲ್ಲ...

ಈ ಚಳಿಗಾಲದಲ್ಲಿ ಕಾಕು ತೀರಿಕೊಂಡರು. ಹಣಿಗೆಯ ಇಂಥ ಸದ್ದುಗಳನ್ನು ಜನ ಈಗ ಮೊಬೈಲಿನಲ್ಲಿ ಹಾಕಿಕೊಂಡು ಕೇಳುತ್ತ ನಿದ್ದೆ ಹೋಗುತ್ತಾರಂತೆ. ಕೇಳಲಿ ಬಿಡಿ. ಹೊಸ ಹಣಿಗೆಯೂ ಕರ್‌ರ್ ಎನ್ನುತ್ತದೆ, ಕನ್ನಡಿಯ ಮುಂದೆ ಬೈತಲೆ ನೆಟ್ಟಗೇ ಬರುತ್ತದೆ. ನನ್ನದೇ ಕೈಗೆ ಮಾತ್ರ ನನ್ನ ತಲೆ ಜುಮ್ಮೆನ್ನುವುದಿಲ್ಲ.