ಒದ್ದೆಯಾಗಿರದ ಸೀಟು

ಆ ಬೆಳಿಗ್ಗೆ ಸೀಟು ಒದ್ದೆಯಾಗಿತ್ತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಸ್ಸಿನ ಕಿಟಕಿಯ ಟಾರ್ಪಾಲಿನಿಂದ ನೀರು ಇಳಿಯುತ್ತಿದ್ದುದೂ ನೆನಪಿದೆ. ಆದರೆ ಅದು ಶಾಲೆಯ ಕ್ರೀಡಾಕೂಟದ ದಿನ. ಮೈದಾನದಲ್ಲಿ ಸುಣ್ಣದ ಗೆರೆ ಎಳೆದಿದ್ದರು, ಧೂಳು ಏಳುತ್ತಿತ್ತು. ಹಾಗಾದರೆ ಆ ನೀರು ಬೇರೆ ಯಾವುದೋ ಜೂನ್ ತಿಂಗಳಿನದು. ಇಲ್ಲಿಗೆ ತಂದಿಟ್ಟವಳು ನಾನು.

ತೊಂಬತ್ತರ ದಶಕದ ಕೊನೆಯಲ್ಲಿ, ಬ್ರಹ್ಮಾವರದ ನಮ್ಮ ಹೈಸ್ಕೂಲಿನ ಒಂದೇ ಕೋಣೆಯಲ್ಲಿ ಕೊಂಕಣಿ, ತುಳು, ಬ್ಯಾರಿ, ಕುಂದಾಪ್ರ ಕನ್ನಡ ಎಲ್ಲವೂ ಕೇಳುತ್ತಿದ್ದವು. ಯಾರ ಪಕ್ಕ ಯಾರು ಎಂಬುದನ್ನು ಟೀಚರು ಎತ್ತರ ನೋಡಿ ನಿರ್ಧರಿಸುತ್ತಿದ್ದರು. ಗೆಳೆತನವನ್ನು ಮಾತ್ರ ಬಸ್ಸು ನಿರ್ಧರಿಸುತ್ತಿತ್ತು. ನನ್ನ ಗೆಳತಿ ಹಂಗಾರಕಟ್ಟೆಯಲ್ಲಿ ಹತ್ತಿ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟು, ಸಾಸ್ತಾನದಲ್ಲಿ ನಾನು ಹತ್ತುವ ತನಕ ಕಾಯುತ್ತಿದ್ದಳು. ಯಾರಾದರೂ ಕೂರಲು ಬಂದರೆ, "ಹ್ವಾಯ್, ಅಲ್ಲಿ ಆಳಿತ್ತ್" ಎಂದು, ಸೀಟಿಗೆ ಜನ ಇದ್ದಾರೆ ಎನ್ನುವಂತೆ ಹೇಳುತ್ತಿದ್ದಳು.

"ಎಲ್ಲಿತ್ತ್ ಆಳ್?"

"ಸಾಸ್ತಾನದಗಿತ್ತ್."

ಇಡೀ ಬಸ್ಸು ನಗುತ್ತಿತ್ತು.

ಅವಳ ಮನೆಯಲ್ಲಿ ಮೀನಿನ ವ್ಯಾಪಾರ, ನಮ್ಮ ಮನೆಯಲ್ಲಿ ದೇವಸ್ಥಾನದ ಪೂಜೆ. ಹುಡುಗಿಯರಾದ ನಮಗೆ ಅದು ಲೆಕ್ಕಕ್ಕೇ ಇರಲಿಲ್ಲ ಎಂದು ಬರೆಯಲು ಕೈ ಹೋಗುತ್ತಿದೆ. ಇತ್ತು. ಅವಳು ನನ್ನನ್ನು "ಭಟ್ರೆ" ಎಂದು ಛೇಡಿಸುತ್ತಿದ್ದಳು, ನಾನು ನಗುತ್ತಿದ್ದೆ. ನಾನು ಅವಳಿಗೆ ಅಂಥ ಹೆಸರು ಇಡಲಿಲ್ಲ. ನನ್ನ ಬಾಯಲ್ಲಿ ಅದು ತಮಾಷೆಯಾಗಿ ಉಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ಕ್ರೀಡಾಕೂಟದ ದಿನ ಮೀನಿನ ಟೆಂಪೊ ಬಾರದೆ ಅವಳ ತಾಯಿಯೂ ಅದೇ ಬಸ್ಸಿಗೆ ಹತ್ತಿದ್ದರು. ಬುಟ್ಟಿ ಬಸ್ಸಿನ ಮೇಲಿತ್ತು, ಅವರು ನನ್ನ ಸೀಟಿನಲ್ಲಿದ್ದರು. ನನ್ನನ್ನು ಕಂಡದ್ದೇ ಎದ್ದರು.

"ಬಾ ಮಗಾ, ಕೂಕೊ."

"ಬ್ಯಾಡ, ನೀವೇ ಕೂಕಣಿ."

"ನಂಗೆ ನಿಂತ್ ಅಭ್ಯಾಸ ಇತ್ತ್. ನಿಂಗೆ ಇವತ್ತ್ ಓಡುಕಿತ್ತಲೆ."

ನಾನು ಕರವಸ್ತ್ರ ತೆಗೆದು ಸೀಟು ಒರೆಸಿ ಕೂತೆ. ಕೈ ತಾನಾಗಿ ಹಾಗೆ ಮಾಡಿತು ಎನ್ನುವಂತಿಲ್ಲ, ಎರಡು ಸಲ ಒರೆಸಿದ್ದೆ. ತಾಯಿ ಕಿಟಕಿಯಾಚೆ ನೋಡಿದರು. ಅವಳು ನನ್ನ ಕರವಸ್ತ್ರ ನೋಡಿದಳು.

ಮರುದಿನ ಸೀಟಿನ ಮೇಲೆ ಬ್ಯಾಗ್ ಇಲ್ಲದಿದ್ದರೆ ಕತೆ ಸುಲಭವಾಗುತ್ತಿತ್ತು. ಬ್ಯಾಗ್ ಇತ್ತು. ನಾನು ಹತ್ತಿರ ಬರುತ್ತಲೇ ಅದನ್ನೆತ್ತಿ, ತನ್ನ ಕರವಸ್ತ್ರದಿಂದ ಸೀಟನ್ನು ಮೂಲೆ ಮೂಲೆಯೂ ಬಿಡದೆ ಒರೆಸಿದಳು.

"ಕೂಕಣಿ ಭಟ್ರೆ. ಒರ್ಸಿ ಆಯ್ತ್."

ಕೂತೆ. ಹತ್ತನೇ ತರಗತಿ ಮುಗಿಯುವವರೆಗೆ ದಿನವೂ ಅವಳು ಒರೆಸಿದಳು, ದಿನವೂ ನಾನು ಕೂತೆ. ಅವಳು ದಿನವೂ ಒರೆಸಿದಳೆಂಬುದು ನೆನಪಿನ ಉತ್ಪ್ರೇಕ್ಷೆ ಇರಬಹುದು. ನಾನು ಒಂದು ದಿನವೂ ಅವಳ ಕೈ ಹಿಡಿದು ತಡೆಯಲಿಲ್ಲ ಎಂಬುದು ಉತ್ಪ್ರೇಕ್ಷೆಯಲ್ಲ.

ಹನ್ನೆರಡು ವರ್ಷ ಕಳೆದ ಮೇಲೆ ಬೈಂದೂರಿನ ರೈಲು ನಿಲ್ದಾಣದಲ್ಲಿ ಸಿಕ್ಕಳು. ಕಲ್ಲಿನ ಬೆಂಚಿನಲ್ಲಿ ಸರಿದು ಜಾಗ ಕೊಟ್ಟಳು. ನಾನು ಒರೆಸದೆ ಕೂತೆ. ಅವಳು ಅದನ್ನು ಗಮನಿಸಲಿ ಎಂದೇ ಕೂತೆ. ತಾಯಿ ತೀರಿಕೊಂಡು ಎರಡು ವರ್ಷವಾಯಿತು ಎಂದಳು.

"ಆ ದಿನ ಬಸ್ಸಿನಗೆ..." ಎಂದು ನಾನು ಶುರುಮಾಡಿದೆ.

"ಸೀಟ್ ಒದ್ದೆ ಇದ್ದಿತ್ತಲೆ," ಎಂದಳು ಅವಳು. "ನಾನೇ ಅಮ್ಮಂಗೆ ಹೇಳ್ದೆ. ಒದ್ದೆ ಇದ್ದಿತ್ತ್, ಅದ್ಕೆ ಒರ್ಸದ್ದ್ ಅಂದೆ."

"ಅಮ್ಮ ನಂಬಿದ್ರಾ?"

"ಹಂಗಾರಕಟ್ಟೆಯಿಂದ ಅದ್ರ್ ಮೇಲೇ ಕೂಕಂಡ್ ಬಂದಿರಲೆ ಮಾರಾಯ್ತಿ ಅವ್ರ್." ನಕ್ಕಳು.

ಒದ್ದೆ ಸೀಟಿನ ಸುಳ್ಳು ಅದಕ್ಕೂ ಮೊದಲೇ ನನ್ನಲ್ಲಿತ್ತೋ, ಆ ಬೆಂಚಿನ ಮೇಲೆ ಅವಳಿಂದ ಪಡೆದದ್ದೋ, ಈಗ ನನಗೆ ಗೊತ್ತಿಲ್ಲ. ತಪ್ಪಾಯ್ತು ಎಂಬ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ರೈಲು ಬಂತು ಎಂದು ಬರೆದುಬಿಡಬಹುದು. ರೈಲು ಇಪ್ಪತ್ತು ನಿಮಿಷ ತಡವಾಗಿತ್ತು. ನಾವು ಸೆಕೆಯ ಬಗ್ಗೆ ಮಾತಾಡಿದೆವು.